ಕೆಲಸದ ಮೇಲೆ ಟೋಕಿಯೋಗೆ: ದಿನಾಂಕ ಗೊತ್ತುಮಾಡುವುದರಿಂದ ಬಿಲ್ಲು ಸಲ್ಲಿಸುವವರೆಗೆ

ಟೋಕಿಯೋದಲ್ಲಿ ಮೊದಲೇ ಹೇಳಿಟ್ಟ ಕೆಲಸ ಚಾಚೂ ತಪ್ಪದೆ ನಡೆಯುತ್ತದೆ. ಕೊನೆಗಳಿಗೆಯಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದರೆ ಮಾತ್ರ ಎದುರಿನವರು ನಗುಮುಖದಲ್ಲೇ ಕೈಚೆಲ್ಲುತ್ತಾರೆ. ಊಟದಲ್ಲಿ ಏನು ಬೇಡ, ಯಾವ ಗೇಟಿನಿಂದ ಹೊರಗೆ ಬರಬೇಕು, ಸಭೆಗೆ ಎಷ್ಟು ಜನ ಬರುತ್ತೇವೆ ಎಂಬುದೆಲ್ಲ ಹೊರಡುವ ಮುಂಚೆಯೇ ತೀರ್ಮಾನವಾಗಿರಬೇಕು. ಹಾಗಾಗಿ ಇಲ್ಲಿ ವಿಮಾನ ಹತ್ತುವುದಕ್ಕೆ ಮೊದಲಿನ ಕೆಲಸವೇ ಹೆಚ್ಚು.

ದಿನಾಂಕ

ಮೂರು ಅವಧಿಗಳನ್ನು ಬಿಟ್ಟುಬಿಡಿ. ಡಿಸೆಂಬರ್ 29ರಿಂದ ಜನವರಿ 3ರವರೆಗೆ ಕಚೇರಿಗಳು ಮುಚ್ಚಿರುತ್ತವೆ. ಏಪ್ರಿಲ್ 29ರಿಂದ ಮೇ 5ರವರೆಗಿನ ‘ಗೋಲ್ಡನ್ ವೀಕ್’ನಲ್ಲಿ ರಜೆಗಳು ಸಾಲುಗಟ್ಟುತ್ತವೆ. ಆಗಸ್ಟ್ ನಡುವಿನ ‘ಓಬೋನ್’ ಸರ್ಕಾರಿ ರಜೆಯಲ್ಲದಿದ್ದರೂ ಅರ್ಧ ಕಚೇರಿ ಊರಿಗೆ ಹೋಗಿರುತ್ತದೆ. ಮಾರ್ಚ್ ಕೊನೆಯ ವಾರವೂ ಕಷ್ಟವೇ: ಬಹುತೇಕ ಕಂಪನಿಗಳ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಚೆರ್ರಿ ಹೂವು ನೋಡಲು ಬಂದವರಿಂದ ಹೋಟೆಲ್ ದರ ಏರಿರುತ್ತದೆ, ಏಪ್ರಿಲ್ 1ಕ್ಕೆ ನಿಮ್ಮ ಸಂಪರ್ಕದ ವ್ಯಕ್ತಿ ಬೇರೆ ವಿಭಾಗಕ್ಕೆ ವರ್ಗವಾಗಿದ್ದರೂ ಆಶ್ಚರ್ಯವಿಲ್ಲ. ಸೆಪ್ಟೆಂಬರ್ ಚಂಡಮಾರುತದ ತಿಂಗಳು. ಅಕ್ಟೋಬರ್ ಎರಡನೇ ವಾರದಿಂದ ಡಿಸೆಂಬರ್ ಮೊದಲ ವಾರದವರೆಗಿನ ಕಾಲ ಎಲ್ಲದಕ್ಕೂ ಹಿತ.

ಟೋಕಿಯೋ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಗ್ಗೆ 9 ಗಂಟೆಯ ಸಭೆ ನಿಮ್ಮ ದೇಹಕ್ಕೆ 5.30. ಮೊದಲ ದಿನದ ಮುಖ್ಯ ಸಭೆಯನ್ನು ಮಧ್ಯಾಹ್ನಕ್ಕೆ ಕೇಳಿ.

ವೀಸಾ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಜಪಾನಿನ ಇ-ವೀಸಾ ಪ್ರವಾಸಕ್ಕೆ ಮಾತ್ರ. ಕೆಲಸದ ಭೇಟಿಗೆ ಅಲ್ಪಾವಧಿ ಬಿಸಿನೆಸ್ ವೀಸಾವನ್ನೇ ಪಡೆಯಬೇಕು. ಕ್ರಮ ಹೀಗೆ:

1. ಜಪಾನಿನ ಕಂಪನಿಯಿಂದ ಎರಡು ಕಾಗದ ತರಿಸಿಕೊಳ್ಳಿ: ಏಕೆ ಕರೆಸುತ್ತಿದ್ದೇವೆ ಎಂದು ವಿವರಿಸುವ ಆಹ್ವಾನ ಪತ್ರ, ಮತ್ತು ದಿನವಾರು ಕಾರ್ಯಕ್ರಮದ ಪಟ್ಟಿ. ಅವರಲ್ಲಿ ಇದಕ್ಕೆ ಸಹಿ, ಮುದ್ರೆಗಳ ಸರಣಿಯೇ ಇರುತ್ತದೆ, ಒಂದು ವಾರ ಹಿಡಿಯಬಹುದು.
2. ನಿಮ್ಮ ಕಂಪನಿಯ ಪತ್ರದಲ್ಲಿ ಹುದ್ದೆ, ಪ್ರವಾಸದ ಉದ್ದೇಶ, ಖರ್ಚು ಯಾರದು ಎಂಬುದು ಸ್ಪಷ್ಟವಾಗಿರಲಿ.
3. ಆಹ್ವಾನ ಪತ್ರ, ಕಾರ್ಯಕ್ರಮ ಪಟ್ಟಿ, ಟಿಕೆಟ್, ಹೋಟೆಲ್ ಈ ನಾಲ್ಕರಲ್ಲೂ ದಿನಾಂಕ ಒಂದೇ ಇದೆಯೇ ನೋಡಿ. ಪಟ್ಟಿ ಕಳಿಸಿದ ಮೇಲೆ ಟಿಕೆಟ್ ಬದಲಿಸಿದರೆ ಅರ್ಜಿಗೆ ಪ್ರಶ್ನೆ ಬರುತ್ತದೆ.

ಎಲ್ಲ ಸೇರಿ ಮೂರರಿಂದ ನಾಲ್ಕು ವಾರ ಕೈಯಲ್ಲಿಟ್ಟುಕೊಳ್ಳಿ. ಒಂದು ಸಲದ ಪ್ರವೇಶದ ವೀಸಾ ಕೊಟ್ಟ ದಿನದಿಂದ ಮೂರು ತಿಂಗಳು ಮಾತ್ರ ಚಲಾವಣೆಯಲ್ಲಿರುವುದರಿಂದ ತೀರಾ ಬೇಗ ಮಾಡಿಸಿಯೂ ಪ್ರಯೋಜನವಿಲ್ಲ. ಈ ವೀಸಾದ ಮೇಲೆ ಸಭೆ, ಒಪ್ಪಂದ, ಮಾರುಕಟ್ಟೆ ಸಮೀಕ್ಷೆ, ಮಾರಾಟದ ನಂತರದ ಸೇವೆ ಮಾಡಬಹುದು. ಜಪಾನಿನಲ್ಲಿ ಸಂಭಾವನೆ ಪಡೆಯುವ ಕೆಲಸ ಮಾಡುವಂತಿಲ್ಲ.

ಹೊರಡುವ ಮೊದಲು ‘ವಿಸಿಟ್ ಜಪಾನ್ ವೆಬ್’ನಲ್ಲಿ ಪಾಸ್‌ಪೋರ್ಟ್, ವಿಮಾನ, ಹೋಟೆಲ್ ವಿವರ ತುಂಬಿದರೆ ಇಮಿಗ್ರೇಶನ್ ಮತ್ತು ಕಸ್ಟಮ್ಸ್‌ಗೆ ಕ್ಯೂಆರ್ ಕೋಡ್ ಸಿಗುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಇಳಿದ ಕೂಡಲೇ ಫೋನಿಗೆ ನೆಟ್‌ವರ್ಕ್ ಸಿಗದೆ ಸಾಲಿನಲ್ಲಿ ಒದ್ದಾಡುವವರು ದಿನವೂ ಇದ್ದಾರೆ. ಕೌಂಟರಿನಲ್ಲಿ ಬೆರಳಚ್ಚು ಮತ್ತು ಫೋಟೋ ತೆಗೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಪಾಸ್‌ಪೋರ್ಟ್ ಸದಾ ಜೊತೆಯಲ್ಲಿರಬೇಕು. ಅದು ಕಾನೂನು, ಹೋಟೆಲ್ ಲಾಕರಿನಲ್ಲಿಟ್ಟು ತಿರುಗುವಂತಿಲ್ಲ.

ಪೆಟ್ಟಿಗೆಯೊಳಗೆ

ಔಷಧಿಯಿಂದ ಶುರು ಮಾಡಿ, ಏಕೆಂದರೆ ಇಲ್ಲಿ ತಪ್ಪಿದರೆ ಬೆಲೆ ದೊಡ್ಡದು. ಮೂಗು ಕಟ್ಟಿದಾಗ ನುಂಗುವ ಕೆಲವು ಶೀತದ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಪ್ರಮಾಣ ಶೇ. 10 ಮೀರಿದ್ದರೆ ಅದನ್ನು ಜಪಾನಿಗೆ ಒಯ್ಯುವಂತಿಲ್ಲ. ಕೋಡೀನ್ ಇರುವ ಕೆಮ್ಮಿನ ಸಿರಪ್ಪನ್ನೂ ಬಿಟ್ಟುಹೋಗುವುದೇ ಕ್ಷೇಮ. ವೈದ್ಯರು ಬರೆದುಕೊಟ್ಟ ಸಾಮಾನ್ಯ ಮಾತ್ರೆ ಒಂದು ತಿಂಗಳಿಗೆ ಸಾಲುವಷ್ಟಿದ್ದರೆ ಅನುಮತಿ ಬೇಡ. ಅದಕ್ಕಿಂತ ಹೆಚ್ಚಿದ್ದರೆ ‘ಯುನ್ಯೂ ಕಾಕುನಿನ್‌ಶೋ’ ಎಂಬ ಆಮದು ದೃಢೀಕರಣವನ್ನು ಮೊದಲೇ ಪಡೆಯಬೇಕು. ವೈದ್ಯರ ಚೀಟಿ ಜೊತೆಗಿರಲಿ, ಮಾತ್ರೆಗಳು ಮೂಲ ಸ್ಟ್ರಿಪ್ಪಿನಲ್ಲೇ ಇರಲಿ.

ತಿನಿಸು ಒಯ್ಯುವುದಿದ್ದರೆ ಕಾರ್ಖಾನೆಯಲ್ಲಿ ಪ್ಯಾಕ್ ಆದ ಒಣ ಪದಾರ್ಥ ಮಾತ್ರ. ಹಣ್ಣು, ಹಸಿ ತರಕಾರಿ, ಕರಿಬೇವು, ಮಾಂಸದ ಯಾವುದೇ ಪದಾರ್ಥ ಬೇಡ.

ವಿದ್ಯುತ್ತು 100 ವೋಲ್ಟ್, ಸಾಕೆಟ್ಟಿನಲ್ಲಿ ಎರಡು ಚಪ್ಪಟೆ ತೂತು. ಲ್ಯಾಪ್‌ಟಾಪ್ ಮತ್ತು ಫೋನಿನ ಚಾರ್ಜರಿನ ಮೇಲೆ ‘100–240’ ಎಂದಿದ್ದರೆ ಅಡಾಪ್ಟರ್ ಸಾಕು, ಪರಿವರ್ತಕ ಬೇಡ. ಎಡವುವುದು ಇಲ್ಲಿ: ‘ಅಮೆರಿಕ–ಜಪಾನ್’ ಎಂದು ಮಾರುವ ಮೂರು ಕಡ್ಡಿಯ ಅಡಾಪ್ಟರ್ ಅಲ್ಲಿನ ಬಹುತೇಕ ಗೋಡೆಗಳಲ್ಲಿ ಕೂರುವುದಿಲ್ಲ, ಅರ್ತಿಂಗ್ ತೂತೇ ಇರುವುದಿಲ್ಲ. ಎರಡೇ ಚಪ್ಪಟೆ ಕಡ್ಡಿಯಿರುವುದನ್ನು ಕೇಳಿ ಕೊಳ್ಳಿ. 230 ವೋಲ್ಟಿನ ಟ್ರಿಮ್ಮರ್, ಇಸ್ತ್ರಿಪೆಟ್ಟಿಗೆ ಮನೆಯಲ್ಲೇ ಇರಲಿ.

ವಿಸಿಟಿಂಗ್ ಕಾರ್ಡು ವಾರದ ಭೇಟಿಗೆ 100 ಬೇಕು. ಒಂದೊಂದು ಸಭೆಗೂ ಆರು ಜನ ಬಂದು ಕೂರುತ್ತಾರೆ. ಹಿಂಬದಿಯಲ್ಲಿ ಜಪಾನಿ ಭಾಷೆ ಮುದ್ರಿಸಿದ್ದರೆ ಒಳ್ಳೆಯದು, ಹೆಸರಿನ ಉಚ್ಚಾರ ಅವರಿಗೆ ಸಲೀಸಾಗುತ್ತದೆ. ಕಾರ್ಡಿಗೊಂದು ಡಬ್ಬಿ ಇರಲೇಬೇಕು. ಪ್ಯಾಂಟಿನ ಹಿಂದಿನ ಜೇಬಿನಿಂದ ಕಾರ್ಡು ಎಳೆದರೆ ಸಭೆ ಮುಗಿದಂತೆಯೇ. ಇನ್ನು ಕರವಸ್ತ್ರ, ಏಕೆಂದರೆ ಎಷ್ಟೋ ಶೌಚಾಲಯಗಳಲ್ಲಿ ಕೈ ಒರೆಸಲು ಕಾಗದವಿಲ್ಲ. ತೂತಿಲ್ಲದ ಕಾಲುಚೀಲವೂ ಇರಲಿ, ಚಾಪೆಯ ಕೋಣೆಯ ಹೋಟೆಲಿಗೆ ಕರೆದೊಯ್ದರೆ ಬೂಟು ಬಾಗಿಲಲ್ಲೇ ಬಿಡಬೇಕು.

ಎಲ್ಲಿ ಉಳಿಯುವುದು

ನಿಮ್ಮ ಸಭೆಗಳು ಎಲ್ಲಿವೆ ಎಂದು ನೋಡಿ ಹೋಟೆಲ್ ಹಿಡಿಯಿರಿ. ಬ್ಯಾಂಕು ಮತ್ತು ದೊಡ್ಡ ವ್ಯಾಪಾರ ಸಂಸ್ಥೆಗಳು ಮರುನೊಉಚಿ–ಓತೆಮಾಚಿಯಲ್ಲಿ, ಸಚಿವಾಲಯಗಳು ಕಸುಮಿಗಸೆಕಿಯಲ್ಲಿ, ಐಟಿ ಕಂಪನಿಗಳು ಹೆಚ್ಚಾಗಿ ಶಿಬುಯಾದಲ್ಲಿ. ಬೇರೆ ಬೇರೆ ಕಡೆ ಸಭೆಯಿದ್ದರೆ ಯಾಮಾನೋತೆ ಮಾರ್ಗದ ಮೇಲಿನ ಯಾವುದಾದರೂ ನಿಲ್ದಾಣದಿಂದ ಐದು ನಿಮಿಷದ ನಡಿಗೆಯೊಳಗೆ ಉಳಿಯಿರಿ. ಇದು 34.5 ಕಿ.ಮೀ. ಉದ್ದದ, 30 ನಿಲ್ದಾಣಗಳ ವರ್ತುಲ ರೈಲು, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಶಿನಾಗಾವಾ ಮತ್ತು ಹಮಾಮಾತ್ಸುಚೋ ಕಡೆ ಉಳಿದರೆ ಹನೇದಾ ವಿಮಾನ ನಿಲ್ದಾಣ ಹತ್ತಿರ, ಉಎನೋ ಕಡೆಯಾದರೆ ನರಿತಾಗೆ ಅನುಕೂಲ.

‘ಬಿಸಿನೆಸ್ ಹೋಟೆಲ್’ ಎಂಬ ಪದ ನೋಡಿ ವಿಶಾಲ ಕೋಣೆ ಊಹಿಸಬೇಡಿ. 11ರಿಂದ 15 ಚದರ ಮೀಟರಿನ ಕೋಣೆ ಅದು. ದೊಡ್ಡ ಸೂಟ್‌ಕೇಸನ್ನು ಬಿಚ್ಚಿಟ್ಟರೆ ನಡೆಯಲು ಜಾಗವಿರದು. ಬುಕ್ ಮಾಡುವಾಗ ಧೂಮಪಾನ ನಿಷೇಧದ ಕೋಣೆಯೇ ಎಂದು ಖಾತ್ರಿ ಮಾಡಿಕೊಳ್ಳಿ, ಮತ್ತು ಎಷ್ಟು ಜನ ಎಂಬುದನ್ನು ಸರಿಯಾಗಿ ನಮೂದಿಸಿ. ದರ ತಲೆಲೆಕ್ಕದ್ದು. ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ಬೆಳಗ್ಗೆ ಇಳಿದವರಿಗೆ ಕೋಣೆ ಕೊಡುವುದಿಲ್ಲ, ಸಾಮಾನು ಮಾತ್ರ ಇಟ್ಟುಕೊಳ್ಳುತ್ತಾರೆ. ಇಳಿದ ದಿನವೇ ಸಭೆಯಿದ್ದರೆ ಹಿಂದಿನ ರಾತ್ರಿಗೂ ಕೋಣೆ ಹಿಡಿದುಬಿಡಿ.

ವಿಮಾನ ನಿಲ್ದಾಣದಿಂದ ಊರಿಗೆ

ಹನೇದಾ ಊರಿಗೆ ಅಂಟಿಕೊಂಡಿದೆ. ಮೂರನೇ ಟರ್ಮಿನಲ್‌ನಿಂದ ಮಾನೋರೈಲ್ ಹಿಡಿದರೆ ಹಮಾಮಾತ್ಸುಚೋಗೆ, ಕೇಯಿಕ್ಯೂ ರೈಲು ಹಿಡಿದರೆ ಶಿನಾಗಾವಾಗೆ, ಎರಡೂ ಕಾಲು ಗಂಟೆಯ ಆಸುಪಾಸು. ಕೇಯಿಕ್ಯೂ ನಿಲ್ದಾಣದಿಂದಲೇ ಯೊಕೊಹಾಮಾ ಕಡೆಗೂ ರೈಲು ಹೊರಡುತ್ತದೆ, ಫಲಕದಲ್ಲಿ ‘ಶಿನಾಗಾವಾ’ ಇದೆಯೇ ನೋಡಿ ಹತ್ತಿ.

ನರಿತಾ ಇರುವುದು ಪಕ್ಕದ ಚಿಬಾ ಪ್ರಾಂತದಲ್ಲಿ, ಟೋಕಿಯೋ ನಡುವಿನಿಂದ 60 ಕಿ.ಮೀ. ದೂರ. ಟೋಕಿಯೋ ನಿಲ್ದಾಣಕ್ಕೆ ನರಿತಾ ಎಕ್ಸ್‌ಪ್ರೆಸ್ ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ನಿಪ್ಪೋರಿ, ಉಎನೋ ಕಡೆಗೆ ಸ್ಕೈಲೈನರ್ ಸುಮಾರು 40 ನಿಮಿಷ. ಎರಡರಲ್ಲೂ ಎಲ್ಲ ಸೀಟೂ ಕಾಯ್ದಿರಿಸಿದವು. ಸುಯಿಕಾ ಎಂಬ ಪ್ರಿಪೇಯ್ಡ್ ಪ್ರಯಾಣ ಕಾರ್ಡು ತೋರಿಸಿ ನರಿತಾ ಎಕ್ಸ್‌ಪ್ರೆಸ್ ಹತ್ತಿಬಿಡುವವರು ಮೂಲ ಪ್ರಯಾಣದರ ಮಾತ್ರ ಕಟ್ಟಿರುತ್ತಾರೆ, ಎಕ್ಸ್‌ಪ್ರೆಸ್ ಶುಲ್ಕದ ಟಿಕೆಟ್ ಬೇರೆ. ಟ್ಯಾಕ್ಸಿಗೆ ನರಿತಾದಿಂದ 20,000 ಯೆನ್ ದಾಟುತ್ತದೆ, ಕಂಪನಿ ಕೊಡುವುದಾದರೂ ರೈಲಿಗಿಂತ ಬೇಗ ತಲುಪುವ ಭರವಸೆಯಿಲ್ಲ.

ದುಡ್ಡು ಮತ್ತು ಸುಯಿಕಾ

ಕಾರ್ಡು ಈಗ ಬಹುತೇಕ ಕಡೆ ನಡೆಯುತ್ತದೆ, ಆದರೂ ದಿನಕ್ಕೆ 5,000 ಯೆನ್ ನಗದು ಜೇಬಿನಲ್ಲಿರಲಿ. ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂ ವಿದೇಶಿ ಕಾರ್ಡಿಗೆ ಹೆಚ್ಚು ನಂಬಿಗಸ್ತ. 2024ರ ಜುಲೈಯಲ್ಲಿ ಹೊಸ ನೋಟು ಬಂದಿದೆ, ಹಳೆಯವೂ ಚಲಾವಣೆಯಲ್ಲಿವೆ. ಟಿಪ್ಸ್ ಇಲ್ಲ. ಮೇಜಿನ ಮೇಲೆ ಚಿಲ್ಲರೆ ಬಿಟ್ಟರೆ ಮರೆತಿರೆಂದುಕೊಂಡು ರಸ್ತೆಯವರೆಗೂ ಓಡಿಬಂದು ಕೊಡುತ್ತಾರೆ.

ಓಡಾಟಕ್ಕೆ ಸುಯಿಕಾ ಅಥವಾ ಪಾಸ್ಮೋ ಕಾರ್ಡು ಸಾಕು. ಜೆಆರ್ (ಜಪಾನ್ ರೈಲ್ವೇಸ್), ಟೋಕಿಯೋ ಮೆಟ್ರೋದ 9 ಮಾರ್ಗ, ನಗರಾಡಳಿತದ ಸುರಂಗ ರೈಲು ‘ತೋಯೆ’ಯ 4 ಮಾರ್ಗ, ಬಸ್ಸು, ಅಂಗಡಿ ಎಲ್ಲಕ್ಕೂ ಅದೇ. ಪ್ರವಾಸಿಗರ ‘ವೆಲ್‌ಕಮ್ ಸುಯಿಕಾ’ಕ್ಕೆ ಠೇವಣಿಯಿಲ್ಲ, ಆದರೆ 28 ದಿನಕ್ಕೆ ಮುಗಿಯುತ್ತದೆ, ಉಳಿದ ಹಣ ವಾಪಸ್ ಬರುವುದಿಲ್ಲ. ಮತ್ತೆ ಬರುವವರು 500 ಯೆನ್ ಠೇವಣಿಯ ಸಾಮಾನ್ಯ ಕಾರ್ಡು ಕೊಳ್ಳುವುದು ಲಾಭ. ಒಂದು ಕಾರ್ಡಿನಲ್ಲಿ 20,000 ಯೆನ್‌ವರೆಗೆ ತುಂಬಬಹುದು. ನಿಲ್ದಾಣದ ಹೆಚ್ಚಿನ ಯಂತ್ರಗಳು ನಗದನ್ನೇ ಕೇಳುತ್ತವೆ, ನಗದು ಬೇಕೆನ್ನುವುದು ಇದಕ್ಕೂ ಸೇರಿ.

ಹೊರಹೋಗುವ ಗೇಟಿನಲ್ಲಿ ಕೆಂಪು ದೀಪ ಬಂದರೆ ಬ್ಯಾಲೆನ್ಸ್ ಸಾಲದು ಎಂದರ್ಥ, ಪಕ್ಕದ ಹೊಂದಾಣಿಕೆ ಯಂತ್ರದಲ್ಲಿ ತುಂಬಿ. ತಪ್ಪು ನಿಲ್ದಾಣವೆಂದು ಒಳಹೊಕ್ಕ ಗೇಟಿನಲ್ಲೇ ಹೊರಬರಲು ಹೋದರೂ ಯಂತ್ರ ತಡೆಯಬಹುದು. ಆಗ ಸಿಬ್ಬಂದಿ ಇರುವ ಅಂಚಿನ ಗೇಟಿಗೆ ಹೋಗಿ ಕಾರ್ಡು ಕೊಡಿ.

ವಿಳಾಸ ಹಿಡಿದು ತಲುಪುವುದು

ಹೊಸಬರು ಹೆಚ್ಚು ಸಮಯ ಕಳೆದುಕೊಳ್ಳುವುದು ರೈಲಿನಲ್ಲಲ್ಲ, ರೈಲು ಇಳಿದ ಮೇಲೆ. ಟೋಕಿಯೋ ವಿಳಾಸದಲ್ಲಿ ರಸ್ತೆಯ ಹೆಸರಿರುವುದಿಲ್ಲ. ‘ಚಿಯೋದಾ-ಕು, ಮರುನೊಉಚಿ 2-4-1’ ಎಂದರೆ ಚಿಯೋದಾ ವಾರ್ಡಿನ ಮರುನೊಉಚಿ ಪ್ರದೇಶದ 2ನೇ ಚೋಮೆ (ಉಪವಿಭಾಗ), ಅದರೊಳಗೆ 4ನೇ ತುಂಡು, ಅದರಲ್ಲಿ 1ನೇ ಕಟ್ಟಡ. ಅಕ್ಕಪಕ್ಕದ ಸಂಖ್ಯೆಗಳು ಅಕ್ಕಪಕ್ಕದಲ್ಲೇ ಇರಬೇಕೆಂದಿಲ್ಲ. ಆದ್ದರಿಂದ ನಾಲ್ಕು ವಿವರ ಕೇಳಿ ಪಡೆಯಿರಿ: ಹತ್ತಿರದ ನಿಲ್ದಾಣ, ಹೊರಬರುವ ಗೇಟಿನ ಸಂಖ್ಯೆ, ಕಟ್ಟಡದ ಹೆಸರು, ರಿಸೆಪ್ಷನ್ ಯಾವ ಮಹಡಿಯಲ್ಲಿ. ಅಲ್ಲಿ ‘1ಎಫ್’ ಎಂದರೆ ನೆಲಮಹಡಿ. ‘3ಎಫ್’ ಎಂದರೆ ನಮ್ಮ ಲೆಕ್ಕದಲ್ಲಿ ಎರಡನೇ ಮಹಡಿ.

ಗೇಟಿನ ಸಂಖ್ಯೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಶಿಂಜುಕು ನಿಲ್ದಾಣಕ್ಕೆ ಇನ್ನೂರಕ್ಕೂ ಹೆಚ್ಚು ಬಾಗಿಲು. ಟೋಕಿಯೋ ನಿಲ್ದಾಣಕ್ಕೆ ಪಶ್ಚಿಮದಲ್ಲಿ ಮರುನೊಉಚಿ, ಪೂರ್ವದಲ್ಲಿ ಯಾಯೆಸು ಎಂಬ ಎರಡು ಮುಖ. ತಪ್ಪು ಮುಖದಿಂದ ಹೊರಬಿದ್ದರೆ ಟಿಕೆಟ್ ಇಲ್ಲದೆ ದಾಟಲು ಉತ್ತರ ತುದಿಯ ಮುಕ್ತ ದಾರಿಯೇ ಗತಿ. ಮಕುಹಾರಿ ಮೆಸ್ಸೆಯಲ್ಲಿ ಪ್ರದರ್ಶನವಿದ್ದು ಟೋಕಿಯೋ ನಿಲ್ದಾಣದಲ್ಲಿ ಕೇಯಿಯೋ ಮಾರ್ಗಕ್ಕೆ ಬದಲಾಯಿಸುವವರು ಇನ್ನೂ ಹುಷಾರಾಗಿರಬೇಕು. ನಕ್ಷೆಯಲ್ಲಿ ಒಂದೇ ನಿಲ್ದಾಣವಾದರೂ ಆ ಪ್ಲಾಟ್‌ಫಾರಂ ನೆಲದಡಿಯಲ್ಲಿ ಹತ್ತು-ಹದಿನೈದು ನಿಮಿಷದ ನಡಿಗೆ. ಟೋಕಿಯೋ ಬಿಗ್ ಸೈಟ್ ಪ್ರದರ್ಶನ ಕೇಂದ್ರಕ್ಕೆ ಹೋಗುವವರು ರಿಂಕಾಯಿ ಮಾರ್ಗದ ಕೊಕುಸಾಯಿ-ತೆಂಜಿಜೋ ನಿಲ್ದಾಣದಲ್ಲಿ, ಇಲ್ಲವೇ ಯುರಿಕಾಮೋಮೆ ಮಾರ್ಗದಲ್ಲಿ ಇಳಿಯಬೇಕು.

ಗೂಗಲ್ ಮ್ಯಾಪ್ಸ್ ಯಾವ ಗೇಟು ಎಂಬುದನ್ನೂ ಹೇಳುತ್ತದೆ, ಅದನ್ನು ನಂಬಬಹುದು. ಅದು ತೋರಿಸುವ ಸಮಯಕ್ಕೆ 20 ನಿಮಿಷ ಸೇರಿಸಿ. ಬೆಳಗ್ಗೆ 7.30ರಿಂದ 9.30ರವರೆಗೆ ಸೂಟ್‌ಕೇಸ್ ಹಿಡಿದು ರೈಲು ಹತ್ತಲೇಬೇಡಿ. ಆ ಹೊತ್ತಿನಲ್ಲಿ ಕೆಲವು ಬೋಗಿಗಳು ಮಹಿಳೆಯರಿಗೆ ಮೀಸಲು, ಪ್ಲಾಟ್‌ಫಾರಂ ನೆಲದ ಮೇಲೆ ಗುಲಾಬಿ ಗುರುತಿರುತ್ತದೆ. ಒಳಗೆ ಫೋನಿನಲ್ಲಿ ಮಾತಾಡುವಂತಿಲ್ಲ. ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಿ.

ರೈಲು ತಡವಾದರೆ ಎರಡು ಕೆಲಸ ಮಾಡಿ: ಕೂಡಲೇ ಫೋನ್ ಮಾಡಿ ಎಷ್ಟು ನಿಮಿಷ ತಡವೆಂದು ಹೇಳಿ, ಮತ್ತು ಗೇಟಿನ ಸಿಬ್ಬಂದಿಯಿಂದ ‘ಚಿಯೆನ್ ಶೋಮೇಯಿಶೋ’ ಎಂಬ ವಿಳಂಬದ ಚೀಟಿ ಪಡೆಯಿರಿ. ಅಲ್ಲಿನ ನೌಕರರೂ ಅದನ್ನೇ ಕಚೇರಿಯಲ್ಲಿ ಕೊಡುವುದು.

ಸಭೆ

ಕಟ್ಟಡಕ್ಕೆ 15 ನಿಮಿಷ ಮುಂಚೆ, ರಿಸೆಪ್ಷನ್ ಮುಂದೆ 5 ನಿಮಿಷ ಮುಂಚೆ. ಅರ್ಧ ಗಂಟೆ ಮೊದಲೇ ಹೋಗಿ ಕೂತರೆ ಕೋಣೆ ಸಿದ್ಧವಿರದೆ ಅವರಿಗೆ ಮುಜುಗರ. ಎತ್ತರದ ಕಟ್ಟಡಗಳಲ್ಲಿ ಪ್ರವೇಶ ಚೀಟಿ ಪಡೆದು ಲಿಫ್ಟ್ ಬದಲಾಯಿಸುವುದಕ್ಕೇ ಹತ್ತು ನಿಮಿಷ ಹೋಗುತ್ತದೆ. ಕೋಟನ್ನು ಒಳಗೆ ಹೋಗುವ ಮೊದಲೇ ಕಳಚಿ ತೋಳಿನ ಮೇಲೆ ಹಾಕಿಕೊಳ್ಳುವುದು ರೂಢಿ. ಇದು ಚಳಿಯ ಓವರ್‌ಕೋಟಿನ ಮಾತು, ಸೂಟಿನದಲ್ಲ.

ಬಾಗಿಲಿನಿಂದ ದೂರದ ಆಸನ ‘ಕಮಿಜಾ’, ಅತಿಥಿಯದು. ಬಾಗಿಲ ಹತ್ತಿರದ್ದು ‘ಶಿಮೋಜಾ’. ಸಂಕೋಚದಿಂದ ಬಾಗಿಲ ಬಳಿ ಕೂತುಬಿಟ್ಟರೆ ಆತಿಥೇಯರ ಲೆಕ್ಕವೆಲ್ಲ ತಲೆಕೆಳಗು. ತೋರಿಸಿದಲ್ಲಿ ಕೂರಿ, ಅವರು ಬಂದಾಗ ಎದ್ದು ನಿಲ್ಲಿ.

ಕಾರ್ಡು ಕೊಡುವ ಕ್ರಮ:

1. ಮೇಜನ್ನು ಸುತ್ತಿಹೋಗಿ ಎದುರೆದುರು ನಿಲ್ಲಿ. ಮೇಜಿನ ಮೇಲಿಂದ ಚಾಚಬೇಡಿ.
2. ನಿಮ್ಮ ತಂಡದ ಹಿರಿಯರು ಮೊದಲು, ಅವರ ಹಿರಿಯರಿಗೆ. ಭೇಟಿಗೆ ಬಂದವರೇ ಮೊದಲು ಕೊಡಬೇಕು.
3. ಓದಲು ಅವರತ್ತ ತಿರುಗಿಸಿ, ಎರಡೂ ಕೈಯಲ್ಲಿ, ಕಂಪನಿಯ ಹೆಸರು ಮತ್ತು ನಿಮ್ಮ ಹೆಸರು ಹೇಳುತ್ತ ಕೊಡಿ.
4. ಅವರದನ್ನು ಎರಡೂ ಕೈಯಲ್ಲಿ ಪಡೆದು ಓದಿ. ಉಚ್ಚಾರ ಗೊತ್ತಾಗದಿದ್ದರೆ ಆಗಲೇ ಕೇಳಿ.
5. ಕೂತ ಮೇಲೆ ಹಿರಿಯರ ಕಾರ್ಡನ್ನು ನಿಮ್ಮ ಡಬ್ಬಿಯ ಮೇಲೆ, ಉಳಿದವನ್ನು ಅವರು ಕೂತ ಸಾಲಿನಂತೆ ಮೇಜಿನ ಮೇಲೆ ಇಡಿ. ಮೇಲೆ ಏನನ್ನೂ ಗೀಚಬೇಡಿ.

ಎಲ್ಲರನ್ನೂ ಮನೆತನದ ಹೆಸರಿಗೆ ‘ಸಾನ್’ ಸೇರಿಸಿ ಕರೆಯಿರಿ. ನಿಮ್ಮ ಹೆಸರಿಗೆ ನೀವೇ ‘ಸಾನ್’ ಹಚ್ಚಿಕೊಳ್ಳಬೇಡಿ, ನಗು ಬರುತ್ತದೆ.

ಚರ್ಚೆಯ ವಿಷಯ, ಬರುವವರ ಹೆಸರು-ಹುದ್ದೆ, ಸ್ಲೈಡುಗಳು ಒಂದು ವಾರ ಮೊದಲೇ ಅವರ ಕೈ ಸೇರಿರಲಿ. ಸಭೆಗೆ ಮುದ್ರಿತ ಪ್ರತಿಗಳನ್ನು ತಲೆಗೊಂದರಂತೆ, ಮೇಲೆ ಎರಡು ಒಯ್ಯಿರಿ. ತೀರ್ಮಾನ ಅಲ್ಲೇ ಆಗಬೇಕೆಂದು ಒತ್ತಾಯಿಸುವುದು ವ್ಯರ್ಥ, ಏಕೆಂದರೆ ಸಭೆಗೆ ಮೊದಲೋ ನಂತರವೋ ಒಳಗೊಳಗೇ ಎಲ್ಲರ ಒಪ್ಪಿಗೆ ಕೂಡಿಸುವ ‘ನೆಮಾವಾಶಿ’ ನಡೆದೇ ನಡೆಯಬೇಕು. ‘ಹಾಯಿ’ ಎಂದರೆ ‘ಕೇಳಿಸಿಕೊಂಡೆ’, ‘ಒಪ್ಪಿದೆ’ ಎಂದಲ್ಲ. ‘ಮೋಚಿಕಾಯೆರಿಮಾಸು’ ಎಂದರೆ ಕಚೇರಿಯಲ್ಲಿ ಕೇಳಿ ಹೇಳುತ್ತೇವೆ, ಇಲ್ಲಿ ಆಸೆಯಿದೆ. ‘ಕೆನ್ತೋ ಶಿಮಾಸು’ ಅಂದರೆ ಪರಿಶೀಲಿಸುತ್ತೇವೆ, ಅರ್ಧಕ್ಕರ್ಧ ‘ಇಲ್ಲ’. ‘ಮುಜುಕಾಶೀ’, ಅಂದರೆ ಕಷ್ಟ, ಎಂದು ಹಲ್ಲು ಕಚ್ಚಿ ಉಸಿರೆಳೆದುಕೊಂಡರೆ ಆ ವಿಷಯ ಬಿಟ್ಟುಬಿಡಿ. ಮೌನ ಬಂದಾಗ ಗಾಬರಿಯಾಗಿ ಬೆಲೆ ಇಳಿಸಿದವರು ಬಹಳ ಜನ. ಅವರು ಯೋಚಿಸುತ್ತಿರುತ್ತಾರೆ, ಅಷ್ಟೇ.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ‘ಕೂಲ್ ಬಿಜ್’ ಹೆಸರಿನಲ್ಲಿ ಟೈ ಬಿಡುವ ರೂಢಿ 2005ರಿಂದ ಬೆಳೆದಿದೆ. ಮೊದಲ ಭೇಟಿಗೆ ಮಾತ್ರ ಕಡುಬಣ್ಣದ ಸೂಟು, ಚೀಲದಲ್ಲೊಂದು ಟೈ ಇರಲಿ. ಉಡುಗೊರೆ ಕೊಡುವುದಾದರೆ ಬಿಡಿಬಿಡಿಯಾಗಿ ಸುತ್ತಿದ ಸಿಹಿಯ ಡಬ್ಬಿ, ಸಭೆಯ ಕೊನೆಗೆ, ಎರಡೂ ಕೈಯಲ್ಲಿ. ನಾಲ್ಕರ ಉಚ್ಚಾರ ಸಾವಿನದಕ್ಕೆ ಹೊಂದುವುದರಿಂದ ನಾಲ್ಕು ತುಂಡಿನದು ಬೇಡ. ಹೊರಡುವಾಗ ಲಿಫ್ಟ್ ಬಾಗಿಲು ಮುಚ್ಚುವವರೆಗೂ ಅವರು ಬಾಗಿ ನಿಂತಿರುತ್ತಾರೆ, ನೀವೂ ಹಾಗೆಯೇ.

ಊಟ, ಅದರಲ್ಲೂ ಸಸ್ಯಾಹಾರ

‘ವೆಜಿಟೇರಿಯನ್’ ಎಂಬ ಒಂದೇ ಪದ ನೆಚ್ಚಿಕೊಂಡರೆ ಕೆಟ್ಟಿರಿ. ಮಾಂಸ ಬಿಟ್ಟು ಮೀನು ಬಡಿಸುತ್ತಾರೆ, ಮೀನು ಬಿಟ್ಟರೂ ಒಣಮೀನಿನ ಸಾರ ‘ದಶಿ’ ಉಳಿಯುತ್ತದೆ. ಮಿಸೋ ಸಾರು, ಸೋಬಾ ಶಾವಿಗೆಯ ಅದ್ದುಸಾರು, ಬೇಯಿಸಿದ ತರಕಾರಿ ಎಲ್ಲದರಲ್ಲೂ ಅದೇ. ಸಿಹಿ ತೋಫು ಚೀಲದೊಳಗೆ ಅನ್ನ ತುಂಬಿದ ಇನಾರಿ ನೋಡಲು ಶುದ್ಧ ಸಸ್ಯಾಹಾರ, ಆದರೆ ಆ ತೋಫು ಸಾಮಾನ್ಯವಾಗಿ ಬೆಂದಿರುವುದು ದಶಿಯಲ್ಲಿ. ತಣ್ಣನೆಯ ತೋಫು ‘ಹಿಯಾಯಾಕ್ಕೋ’ ಮೇಲೆ ಮೀನಿನ ಚಕ್ಕೆ ಉದುರಿಸಿ ತರುತ್ತಾರೆ. ತರಕಾರಿ ತೆಂಪುರಾ ಕರಿದದ್ದು ಸಿಗಡಿಯ ಎಣ್ಣೆಯಲ್ಲೇ ಇರಬಹುದು.

ಹೀಗಾಗಿ, ಸಂಜೆಯ ಊಟಕ್ಕೆ ಕರೆ ಬರುವ ಸಾಧ್ಯತೆಯಿದ್ದರೆ ಒಂದು ವಾರ ಮುಂಚೆ ಪತ್ರದಲ್ಲೇ ಬರೆಯಿರಿ: ಮಾಂಸ, ಕೋಳಿ, ಮೀನು, ಸಿಗಡಿ, ದಶಿ, ಪ್ರಾಣಿಕೊಬ್ಬು ತಿನ್ನುವುದಿಲ್ಲ, ಹಾಲು ಆಗುತ್ತದೆ, ಮೊಟ್ಟೆ ಆಗುತ್ತದೋ ಇಲ್ಲವೋ. ಬರೆದು ತಿಳಿಸಿದರೆ ಅವರು ಹೋಟೆಲ್ ಹುಡುಕಿ ಅಡುಗೆಯವರ ಜೊತೆ ಮಾತಾಡಿಯೇ ಇಟ್ಟಿರುತ್ತಾರೆ. ಕೂತ ಮೇಲೆ ಹೇಳಿದರೆ ಅನ್ನ ಮತ್ತು ಉಪ್ಪಿನಕಾಯಿಯೇ ಗತಿ, ಜೊತೆಗೆ ಅವರಿಗೆ ಅವಮಾನ. ಹೊರಗೆ ಒಬ್ಬರೇ ತಿನ್ನುವಾಗ ‘ನಿಕು, ಸಕಾನಾ, ದಶಿ, ತಬೆರಾರೆಮಾಸೆನ್’ ಎನ್ನಿ: ಮಾಂಸ, ಮೀನು, ದಶಿ ತಿನ್ನಲಾರೆ. ಇದನ್ನೇ ಹೋಟೆಲ್ ರಿಸೆಪ್ಷನ್‌ನಲ್ಲಿ ಜಪಾನಿಯಲ್ಲಿ ಬರೆಸಿಕೊಂಡು ಫೋನಿನಲ್ಲಿಟ್ಟುಕೊಳ್ಳಿ. ತಕ್ಷಣಕ್ಕೆ ಎಡಮಾಮೆ (ಬೇಯಿಸಿದ ಹಸಿ ಸೋಯಾ ಕಾಯಿ), ಬಿಳಿ ಅನ್ನ, ಹಣ್ಣು, ಮೊಸರು ಸಿಗುತ್ತವೆ. ಭಾರತೀಯರು ಹೆಚ್ಚಾಗಿ ನೆಲೆಸಿರುವ ಎದೋಗಾವಾ ವಾರ್ಡಿನ ನಿಶಿ-ಕಸಾಯಿಯಲ್ಲಿ ನಮ್ಮ ಅಡುಗೆಯ ಹೋಟೆಲುಗಳಿವೆ.

ಕುಡಿಯುವ ಕೂಟದಲ್ಲಿ ನಿಮ್ಮ ಲೋಟ ನೀವು ತುಂಬಿಕೊಳ್ಳಬಾರದು, ಪಕ್ಕದವರದನ್ನು ತುಂಬಿ. ‘ಕಂಪಾಯಿ’ (ಚಿಯರ್ಸ್) ಎನ್ನುವವರೆಗೆ ಮುಟ್ಟಬೇಡಿ. ಮದ್ಯ ಬೇಡವಾದರೆ ‘ಊರೊನ್-ಚಾ’, ಅಂದರೆ ಊಲಾಂಗ್ ಚಹಾ, ಕೇಳಿ, ಯಾರೂ ತಕರಾರು ಮಾಡುವುದಿಲ್ಲ. ಕೇಳದೆಯೇ ಬರುವ ಪುಟ್ಟ ತಟ್ಟೆ ‘ಒತೋಶಿ’, ಅದಕ್ಕೆ ತಲೆಗೆ ಕೆಲವು ನೂರು ಯೆನ್ ಬಿಲ್ಲಾಗುತ್ತದೆ, ಮೋಸವಲ್ಲ. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚುವುದೂ, ಕಡ್ಡಿಯಿಂದ ಕಡ್ಡಿಗೆ ತುತ್ತು ದಾಟಿಸುವುದೂ ಸಾವಿನ ಮನೆಯ ಕ್ರಮ.

ತಡರಾತ್ರಿ, ಭೂಕಂಪ

ರೈಲುಗಳು ರಾತ್ರಿ 12ರಿಂದ 1 ಗಂಟೆಯೊಳಗೆ ನಿಲ್ಲುತ್ತವೆ, ಮತ್ತೆ ಶುರುವಾಗುವುದು ಬೆಳಗ್ಗೆ 5ರ ಸುಮಾರಿಗೆ. ಎರಡು ರೈಲು ಬದಲಾಯಿಸಬೇಕಾದವರಿಗೆ ಕೊನೆಯ ರೈಲು ಇನ್ನೂ ಬೇಗ. ಆಮೇಲೆ ಟ್ಯಾಕ್ಸಿ: ಮೊದಲ ಸುಮಾರು ಒಂದು ಕಿ.ಮೀ.ಗೆ 500 ಯೆನ್, ರಾತ್ರಿ 10ರಿಂದ ಬೆಳಗಿನ 5ರವರೆಗೆ ಶೇ. 20 ಹೆಚ್ಚು. ಗಾಜಿನ ಮೇಲಿನ ಕೆಂಪು ಅಕ್ಷರವೆಂದರೆ ಖಾಲಿಯಿದೆ. ಹಿಂದಿನ ಎಡಬಾಗಿಲು ತಾನೇ ತೆರೆಯುತ್ತದೆ, ಎಳೆಯಬೇಡಿ.

ಫೋನು ಒಮ್ಮೆಲೇ ಕಿರುಚಿಕೊಂಡರೆ ಭೂಕಂಪದ ಮುನ್ನೆಚ್ಚರಿಕೆ. ಮೇಜಿನಡಿ ಸೇರಿ ತಲೆ ಕಾಪಾಡಿಕೊಳ್ಳಿ, ಹೊರಗೆ ಓಡಬೇಡಿ, ಗಾಜು ಮತ್ತು ಫಲಕಗಳು ಬೀಳುವುದು ಹೊರಗೆಯೇ. ಲಿಫ್ಟಿನೊಳಗಿದ್ದರೆ ಎಲ್ಲ ಮಹಡಿಯ ಗುಂಡಿ ಒತ್ತಿ, ನಿಂತಲ್ಲಿ ಇಳಿಯಿರಿ. ಪೊಲೀಸ್ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕ 119. ಚಂಡಮಾರುತ ಬರುವುದಿದ್ದರೆ ರೈಲುಗಳನ್ನು ಹಿಂದಿನ ದಿನವೇ ಘೋಷಿಸಿ ನಿಲ್ಲಿಸುತ್ತಾರೆ, ವಿಮಾನ ಹಾರುತ್ತಿದ್ದರೂ ನಿಲ್ದಾಣ ತಲುಪಲಾಗದು.

ಬಿಲ್ಲು ಮತ್ತು ವಾಪಸ್

ನಿಮ್ಮ ಲೆಕ್ಕವಿಭಾಗಕ್ಕೆ ಕಂಪನಿಯ ಹೆಸರಿರುವ ರಸೀದಿಯೇ ಬೇಕಾದರೆ ‘ರ್ಯೋಶೂಶೋ’ ಕೇಳಿ, ಹೆಸರು ಬರೆಯಲು ನಿಮ್ಮ ಕಾರ್ಡನ್ನೇ ಮುಂದಿಡಿ. ರೈಲಿನ ಖರ್ಚಿಗೆ ರಸೀದಿ ಕೂಡಿಡಬೇಕಿಲ್ಲ. ಸುಯಿಕಾ ಕಾರ್ಡನ್ನು ಜೆಆರ್ ಟಿಕೆಟ್ ಯಂತ್ರಕ್ಕೆ ಹಾಕಿದರೆ ಇತ್ತೀಚಿನ 100 ಬಳಕೆಗಳವರೆಗೆ ಪಟ್ಟಿ ಮುದ್ರಿಸಿ ಕೊಡುತ್ತದೆ. ಊರಿಗೆ ಬಂದ ಮೇಲೆ ಇದು ಸಿಗದು, ಹೊರಡುವ ಹಿಂದಿನ ದಿನವೇ ತೆಗೆದಿಡಿ.

ದೊಡ್ಡ ಪೆಟ್ಟಿಗೆಯನ್ನು ರೈಲಿನಲ್ಲಿ ಎಳೆಯುವ ಬದಲು ಹೋಟೆಲಿನಿಂದಲೇ ‘ತಕ್ಕ್ಯೂಬಿನ್’ ಮೂಲಕ ವಿಮಾನ ನಿಲ್ದಾಣಕ್ಕೆ ಕಳಿಸಬಹುದು. ಒಂದೆರಡು ದಿನ ಮೊದಲು ಕೊಡಬೇಕು, ಚೀಟಿಯಲ್ಲಿ ವಿಮಾನದ ಸಂಖ್ಯೆ, ಸಮಯ, ಟರ್ಮಿನಲ್ ಬರೆಯಬೇಕು. ಪಾಸ್‌ಪೋರ್ಟ್, ಲ್ಯಾಪ್‌ಟಾಪ್, ಔಷಧಿ ಅದರೊಳಗೆ ಹೋಗದಿರಲಿ.

ಪ್ರವಾಸಿಗರಿಗೆ ತೆರಿಗೆ ಬಿಟ್ಟು ಮಾರುವ ಪದ್ಧತಿ 2026ರ ನವೆಂಬರ್ 1ರಿಂದ ಬದಲಾಗುತ್ತದೆ: ಅಂಗಡಿಯಲ್ಲಿ ತೆರಿಗೆ ಸೇರಿಸಿ ಕಟ್ಟಿ, ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಪರಿಶೀಲನೆಯಾದ ಮೇಲೆ ವಾಪಸ್ ಪಡೆಯಬೇಕು. ಅದಕ್ಕೆಂದು ಅರ್ಧ ಗಂಟೆ ಹೆಚ್ಚಿಟ್ಟುಕೊಳ್ಳಿ, ಕೊಂಡ ವಸ್ತು ಕೈಗೆ ಸಿಗುವಂತಿರಲಿ. ಶಿನಾಗಾವಾದಿಂದ ಹೊರಡುವ ಕೇಯಿಕ್ಯೂ ರೈಲುಗಳಲ್ಲಿ ಕೆಲವು ಹನೇದಾಗೆ ತಿರುಗದೆ ಕೇಯಿಕ್ಯೂ ಕಮಾತಾದಿಂದ ನೇರ ಯೊಕೊಹಾಮಾ ಕಡೆ ಹೋಗಿಬಿಡುತ್ತವೆ. ಫಲಕದಲ್ಲಿ ವಿಮಾನದ ಚಿತ್ರ ಇರುವ ರೈಲನ್ನೇ ಹತ್ತಿ.